ಹುಬ್ಬಳ್ಳಿಯಿಂದ ಗದಗ, ಕಪ್ಪತಗುಡ್ಡದ ಕಡೆ ಸೈಕಲ್ ಟೂರ್ ಹೋಗಬೇಕು. ಹಗುರವೂ ಇರಬೇಕು, ಪಂಕ್ಚರೂ ಆಗಬಾರದು. ಯಾವ ಟೈರ್ ತಗೊಳ್ಳಲಿ?

ಎರಡೂ ಒಂದೇ ಟೈರಿನಲ್ಲಿ ಪೂರ್ತಿ ಸಿಗುವುದಿಲ್ಲ. ಹಾಗಾಗಿ ಮೊದಲು ದಾರಿ ನೋಡಿ.

ಬರೀ ಡಾಂಬರು ರಸ್ತೆ ಆದರೆ 32 ಮಿ.ಮೀ. ಅಗಲದ ಕಾಂಟಿನೆಂಟಲ್ ಗೇಟರ್‌ಸ್ಕಿನ್ ಸಾಕು. ಹಗುರ ಇದೆ, ಪಕ್ಕದ ಭಾಗವೂ ಸುಲಭಕ್ಕೆ ಹರಿಯುವುದಿಲ್ಲ.

ಕಪ್ಪತಗುಡ್ಡದ ಕಡೆ ಹೊಲದ ದಾರಿ ಹಿಡಿದರೆ ಮಾತೇ ಬೇರೆ. ಜಾಲಿಮುಳ್ಳು ಉದ್ದ, ಗಟ್ಟಿ. ತೆಳು ಟೈರನ್ನು ಸೀದಾ ದಾಟಿ ಟ್ಯೂಬಿಗೆ ಇಳಿಯುತ್ತದೆ. ನೆಗ್ಗಿಲಮುಳ್ಳಂತೂ ಹೇಗೆ ಬಿದ್ದಿದ್ದರೂ ಒಂದು ಮೊನೆ ಮೇಲಕ್ಕೇ ಇರುತ್ತದೆ. ಅಲ್ಲಿಗೆ ಶ್ವಾಲ್ಬೆ ಮ್ಯಾರಥಾನ್ ಪ್ಲಸ್ ಒಳ್ಳೆಯದು. ನೆಲಕ್ಕೆ ತಾಗುವ ರಬ್ಬರಿನ ಕೆಳಗೆ 5 ಮಿ.ಮೀ. ದಪ್ಪದ ಇನ್ನೊಂದು ಮೆತ್ತನೆ ಪದರ ಇರುತ್ತದೆ. ಹೆಚ್ಚಿನ ಮುಳ್ಳು ಅಲ್ಲೇ ನಿಲ್ಲುತ್ತವೆ. ಆದರೆ 35 ಮಿ.ಮೀ. ಟೈರ್ ಒಂದೇ ಸುಮಾರು 900 ಗ್ರಾಂ ತೂಗುತ್ತದೆ. ಏರು ಹತ್ತುವಾಗ ಕಾಲಿಗೆ ಗೊತ್ತಾಗುತ್ತದೆ.

ನನ್ನ ಸಲಹೆ: ಹಿಂದಿನ ಗಾಲಿಗೆ ಮಾತ್ರ ಅದನ್ನು ಹಾಕಿ, ಮುಂದೆ ಹಗುರದ್ದು ಇರಲಿ. ಲಗೇಜಿನ ಭಾರ ಜಾಸ್ತಿ ಹಿಂದೆಯೇ ಅಲ್ವಾ, ಪಂಕ್ಚರೂ ಅಲ್ಲೇ ಜಾಸ್ತಿ.

ಕೊಳ್ಳುವ ಮುಂಚೆ ಹಳೆ ಟೈರಿನ ಪಕ್ಕದಲ್ಲಿ 37-622 ತರಹದ ನಂಬರ್ ಇರುತ್ತದೆ, ಓದಿಕೊಳ್ಳಿ. ಮೊದಲನೆಯದು ಅಗಲ. ಎರಡನೆಯದು ರಿಮ್ಮಿನ ಅಳತೆ, ಅದು ಹೊಂದಲೇಬೇಕು. ಮಳೆಗಾಲದಲ್ಲಿ ಎರೆ ಮಣ್ಣು ಟೈರಿಗೆ ಮೆತ್ತಿಕೊಂಡು ಗಾಲಿಯೇ ತಿರುಗುವುದಿಲ್ಲ. ಅದಕ್ಕೆ ಟೈರ್, ಫ್ರೇಮ್ ನಡುವೆ ಒಂದು ಬೆರಳು ಹೋಗುವಷ್ಟಾದರೂ ಜಾಗ ಬಿಡಿ.