‘ಅವರ ಹತ್ರಾನೇ ತಗೊಳ್ಳಿ, ಬೇಜಾರಿಲ್ಲ’

ಮನೆಯಲ್ಲೇ ಏನಾದರೂ ಮಾಡಿ ದುಡಿಯುವ ಹೆಣ್ಣುಮಕ್ಕಳು ನನ್ನ ಹತ್ತಿರ ಆಪ್ತಸಲಹೆಗೆ ಬಂದಾಗ ಮೊದಲು ಹೇಳುವುದು ನಿದ್ದೆ ಬರುತ್ತಿಲ್ಲ ಅಂತಲೋ, ಸುಮ್‌ಸುಮ್ನೆ ಅಳು ಬರುತ್ತೆ ಅಂತಲೋ. ಸ್ವಲ್ಪ ಕೆದಕಿದರೆ ಅಡಿಯಲ್ಲಿ ಸಿಗುವುದು ಬಿಟ್ಟುಹೋದ ಒಬ್ಬ ಗಿರಾಕಿ. ಬ್ಲೌಸ್ ಹೊಲಿಯುವವರು, ಟ್ಯೂಷನ್ ಹೇಳುವವರು, ಹಪ್ಪಳ ಸಂಡಿಗೆ ಮಾರುವವರು, ಹಾಲ್‌ನಲ್ಲೇ ಪಾರ್ಲರ್ ಇಟ್ಟವರು, ಎಲ್ಲರದ್ದೂ ಹೆಚ್ಚೂಕಮ್ಮಿ ಇದೇ ಕಥೆ. 2020ರ ಲಾಕ್‌ಡೌನ್ ಆದಮೇಲೆ ಈ ಸಾಲಿಗೆ ಕೇಕ್ ಮಾಡುವವರೂ ಸೇರಿದ್ದಾರೆ. ಮೈಸೂರಿನ ಹೊಸ ಬಡಾವಣೆಗಳಲ್ಲಿ ಸುಮ್ನೆ ಒಂದು ಸುತ್ತು ಹಾಕಿ, ಗೇಟಿಗೆ ಕಟ್ಟಿದ ಪುಟ್ಟ ಬೋರ್ಡುಗಳು ಕಣ್ಣಿಗೆ ಬೀಳುತ್ತವೆ.

ಅಂಥ ಒಂದು ಪ್ರಕರಣ ಬರೆಯುತ್ತಿದ್ದೇನೆ. ನಾನು ಕೊಟ್ಟ ಸಲಹೆಯನ್ನು ನನ್ನ ಜೊತೆ ಕೆಲಸ ಮಾಡುವವರೇ ಒಪ್ಪಲಿಲ್ಲ, ಅದೂ ಒಂದು ಕಾರಣ.

ಹೆಸರು ಹಾಕುವುದಿಲ್ಲ. ಬಡಾವಣೆಯೂ ಬೇಡ. ಮೈಸೂರು ಎಷ್ಟೇ ಬೆಳೆದಿರಲಿ, ‘ಆ ಕಾರ್ನರ್ ಮನೆ ಕೇಕ್‌ನವರು’ ಅಂದರೆ ಸಾಕು, ಯಾರು ಅಂತ ಸಂಜೆಯೊಳಗೆ ಗೊತ್ತಾಗುತ್ತದೆ. ಅವರ ಒಪ್ಪಿಗೆ ಪಡೆದಿದ್ದೇನೆ, ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ವಯಸ್ಸು ನಲವತ್ತರ ಆಸುಪಾಸು. ಗಂಡನಿಗೆ ಕಾರ್ಖಾನೆ ಕೆಲಸ, ಓದುವ ಮಕ್ಕಳಿಬ್ಬರು. ಸಂಘದಲ್ಲಿ ಸಾಲ ಎತ್ತಿ ಓವನ್ ತಂದಿದ್ದರು, ಅದು ತೀರಿತ್ತು. ಒಂದು ಬೇಸಿಗೆ ರಜೆಯಲ್ಲಿ ತಲೆಗೆ 2000 ರೂಪಾಯಿ ತಗೊಂಡು ಕೇಕ್ ಕ್ಲಾಸ್ ಮಾಡಿದರು. ಕಲಿತವರಲ್ಲಿ ಒಬ್ಬಾಕೆ ಎರಡು ರಸ್ತೆ ಆಚೆ ತಾನೇ ಆರ್ಡರ್ ತೆಗೆದುಕೊಳ್ಳಲು ಶುರು ಮಾಡಿದಳು. ಕೆ.ಜಿ.ಗೆ ನೂರು ರೂಪಾಯಿ ಕಮ್ಮಿ. ಈಕೆಯೂ ಇಳಿಸಿದರು. ಅವಳು ಇನ್ನೂ ಇಳಿಸಿದಳು. ನಿದ್ದೆ ಕೆಟ್ಟದ್ದು ಅಲ್ಲಿಂದ.

ರಾತ್ರಿ ಎರಡು ಗಂಟೆಗೆ ಎಚ್ಚರ ಆದರೆ ಕೈ ಮೊದಲು ಫೋನಿಗೆ. ಆ ಹುಡುಗಿಯ ವಾಟ್ಸಾಪ್ ಸ್ಟೇಟಸ್ ನೋಡಬೇಕು. ಇವತ್ತು ಯಾರ ಮನೆಗೆ ಹೋಗಿದೆ, ಮೇಣದಬತ್ತಿ ಊದುತ್ತಿರುವ ಮಗು ಯಾರದ್ದು, ಹಿಂದೆ ಕಾಣುವ ಕರ್ಟನ್ ಯಾರ ಮನೆಯದ್ದು. ಕರ್ಟನ್ ನೋಡಿ ಮನೆ ಕಂಡುಹಿಡಿಯುವಷ್ಟು ಪಳಗಿದ್ದರು.

ಇಂಥವರು ಬಂದಾಗ ಮೊದಲು ನೋಡುವುದು ಇದು ಬರೀ ಬೇಜಾರೋ, ಖಿನ್ನತೆಯೋ ಅಂತ. ಊಟ ಸೇರುತ್ತಾ, ಮಕ್ಕಳ ಜೊತೆ ನಗು ಬರುತ್ತಾ, ಸತ್ತರೆ ಸಾಕು ಅನ್ನಿಸುತ್ತಾ, ನೇರವಾಗಿಯೇ ಕೇಳುತ್ತೇನೆ. ಎರಡು ವಾರಕ್ಕೂ ಮೇಲೆ ದಿನಪೂರ್ತಿ ಮನಸ್ಸು ಕುಸಿದೇ ಇದ್ದರೆ, ಯಾವುದರಲ್ಲೂ ಆಸೆ ಇಲ್ಲದಿದ್ದರೆ ಮನೋವೈದ್ಯರನ್ನು ಕಾಣಲೇಬೇಕು. ಅಲ್ಲಿತನಕ ಹೋಗೋಕೆ ಹಿಂಜರಿಕೆ ಇರುವವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416ಕ್ಕೆ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ. ಈಕೆಗೆ ಅಷ್ಟು ಆಗಿರಲಿಲ್ಲ. ಸಿಟ್ಟು ಇತ್ತು, ಅವಮಾನ ಇತ್ತು.

ಮೊದಲ ಭೇಟಿಗಳೆಲ್ಲ ಆ ಹುಡುಗಿಯ ದೂರಿನಲ್ಲೇ ಕಳೆದವು. ಅವಳು ಅಗ್ಗದ ಕ್ರೀಮ್ ಹಾಕ್ತಾಳೆ, ಅಂಗುಳಕ್ಕೆ ಅಂಟುತ್ತೆ. ಅವಳ ಹತ್ರ ಆಹಾರ ಸುರಕ್ಷತೆಯ 14 ಅಂಕಿ ನೋಂದಣಿ ಇಲ್ಲ, ನನ್ನ ಹತ್ರ ಇದೆ. ನಾನು ಕೇಳಿಸಿಕೊಂಡೆ. ನೋಂದಣಿ ಮಾತು ನ್ಯಾಯವಾದದ್ದೇ. ಆದರೆ ರಾತ್ರಿ ಎರಡು ಗಂಟೆಗೆ ಇನ್ಸ್‌ಪೆಕ್ಟರ್ ಕೆಲಸ ಇವರದ್ದಲ್ಲವಲ್ಲ.

ಆಮೇಲೆ ಒಂದು ದಿನ ಬಂದವರೇ ಕೂರುವ ಮೊದಲೇ ಶುರು ಮಾಡಿದರು.

“ಎದುರು ಮನೆ ಮಗು ಬರ್ತ್‌ಡೇ ಮೇಡಂ. ಮೊದಲನೇ ವರ್ಷದಿಂದ ನಾನೇ ಮಾಡ್ಕೊಟ್ಟಿದ್ದು. ಈ ಸಲ ಊಟಕ್ಕೆ ಕರೆದ್ರು. ಆರ್ಡರ್ ಮಾತ್ರ ಬರ್ಲಿಲ್ಲ. ಹೋಗಿ ನೋಡಿದ್ರೆ ಟೇಬಲ್ ಮೇಲೆ ಅವಳ ಡಬ್ಬ.”

“ತಿಂದ್ರಾ?”

“ಪ್ಲೇಟಲ್ಲಿ ಹಾಕಿ ಕೈಗೇ ಕೊಟ್ರು. ಬೇಡ ಅನ್ನೋಕಾಗುತ್ತಾ?”

“ಹೇಗಿತ್ತು?”

ಉತ್ತರ ತಡವಾಯಿತು. ಅವರ ಹೆಬ್ಬೆರಳ ಉಗುರಿನ ಅಂಚಿನಲ್ಲಿ ನೀಲಿ ಬಣ್ಣ ಕೂತಿತ್ತು. ಕೇಕಿಗೆ ಹಾಕುವ ಆ ಜೆಲ್ ಬಣ್ಣ ಸೋಪಿಗೂ ಬೇಗ ಬಗ್ಗುವುದಿಲ್ಲ. ಅದನ್ನೇ ಇನ್ನೊಂದು ಕೈಯಲ್ಲಿ ಕೆರೆಯುತ್ತಾ ಕೂತರು.

“ಚೆನ್ನಾಗಿತ್ತು. ಹೊಟ್ಟೆ ಉರಿಯೋದೇ ಅದಕ್ಕೆ. ಸ್ಪಂಜ್ ನಂದೇ ಮೇಡಂ. ನಾನು ಹೇಳ್ಕೊಟ್ಟಿದ್ದೇ.”

ಆ ಹುಡುಗಿಯ ಬಗ್ಗೆ ಇವರ ಬಾಯಿಂದ ಬಂದ ಮೊದಲ ನೆಟ್ಟಗಿನ ಮಾತು ಇದು. ಆದರೆ ನೋವು ಬೇರೆ ಕಡೆ ಇತ್ತು. ಆ ಬರ್ತ್‌ಡೇ ಆದಮೇಲೆ ಎದುರು ಮನೆಯಾಕೆ ಇವರನ್ನು ಕಂಡರೆ ಒಳಗೆ ಹೋಗಿಬಿಡುತ್ತಾರಂತೆ. ಹಾಲು ತಗೊಳ್ಳೋಕೆ ಬಂದವರು ಮುಖ ಕೊಡದೆ ಬಾಗಿಲು ಹಾಕಿಕೊಳ್ಳುತ್ತಾರಂತೆ. “ನನ್ನ ಕೇಕೂ ಬೇಡ, ನನ್ನ ಮುಖಾನೂ ಬೇಡ ಅವರಿಗೆ. ಅಷ್ಟು ಕೀಳಾಗಿ ಹೋದ್ನಾ?”

ಆಗ ನಾನು ಕೇಳಿದೆ, “ನಿಮ್ಮ ಬ್ಲೌಸ್ ಯಾರ ಹತ್ರ ಹೊಲಿಸ್ತೀರಾ?”

ಯಾಕೆ ಕೇಳ್ತಿದ್ದೀನಿ ಅಂತ ಗೊತ್ತಾಗಲಿಲ್ಲ ಅವರಿಗೆ. ಮಕ್ಕಳ ಸ್ಕೂಲ್ ಹತ್ತಿರ ಒಬ್ಬರು ಇದ್ದಾರೆ ಅಂದರು. ಮೊದಲಿಂದಲೂ ಅವರೇನಾ ಅಂದೆ. ಅಲ್ಲ, ಮದುವೆಯಾಗಿ ಬಂದಾಗಿಂದ ಸುಮಾರು ವರ್ಷ ಒಬ್ಬರು ವಯಸ್ಸಾದವರ ಹತ್ತಿರ ಹೊಲಿಸುತ್ತಿದ್ದರು.

“ಅವರು ಸರಿಯಾಗಿ ಹೊಲೀತಿರ್ಲಿಲ್ವಾ?”

“ಅಯ್ಯೋ, ಅವರ ಕಟಿಂಗ್ ಯಾರಿಗೂ ಬರಲ್ಲ. ಇದು ಸ್ಕೂಲಿಗೆ ಹೋಗೋ ದಾರಿ, ಅಷ್ಟೇ.”

“ಬಿಡ್ತೀನಿ ಅಂತ ಅವರಿಗೆ ಹೇಳಿದ್ರಾ?”

“ಅದನ್ನೆಲ್ಲ ಹೇಗೆ ಹೇಳೋದು ಮೇಡಂ?” ಅಂದವರು ನಕ್ಕರು. “ಈಗ ಆ ರಸ್ತೆಲೇ ಹೋಗಲ್ಲ ನಾನು. ಅವರು ಬಾಗಿಲಲ್ಲೇ ಮಿಷನ್ ಹಾಕ್ಕೊಂಡು ಕೂತಿರ್ತಾರೆ. ಕಣ್ಣಿಗೆ ಕಣ್ಣು ಸಿಕ್ರೆ...”

ಮಾತು ಅಲ್ಲಿಗೆ ನಿಂತಿತು. ನಾನೂ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಾದಮೇಲೆ ಅವರೇ ಮೆಲ್ಲಗೆ, “ಹಂಗಾದ್ರೆ ಎದುರು ಮನೆಯವರಿಗೂ ನಾಚಿಕೆನೇನಾ?” ಅಂದರು.

ಇರಬಹುದು, ಇಲ್ಲದೆಯೂ ಇರಬಹುದು. ಆಕೆಯ ಮನಸ್ಸಲ್ಲಿ ಏನಿದೆ ಅಂತ ನಾನು ಹೇಳಲಾರೆ. ಆದರೆ ಇಷ್ಟು ದಿನ ಇವರಿಗೆ ತಿರಸ್ಕಾರ ಒಂದೇ ಕಂಡಿತ್ತು, ಈಗ ಇನ್ನೊಂದು ಕಾರಣವೂ ಕಂಡಿತು. ಗಿರಾಕಿ ಬೇರೆ ಕಡೆ ಹೋಗುವುದಕ್ಕೆ ನೂರು ಕಾರಣ: ದಾರಿ, ದುಡ್ಡು, ಅತ್ತಿಗೆ ಹೇಳಿದಳು, ಹೊಸದು ನೋಡೋಣ ಅನ್ನಿಸಿತು. ನಮ್ಮ ಕೆಲಸ ಕೆಟ್ಟದು ಅನ್ನುವುದು ಆ ನೂರರಲ್ಲಿ ಒಂದು. ನಾವು ಮಾತ್ರ ಆ ಒಂದನ್ನೇ ಎತ್ತಿಕೊಂಡು ಎದೆಗೆ ಅಂಟಿಸಿಕೊಳ್ಳುತ್ತೇವೆ. ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಬಿಟ್ಟುಹೋದವರಿಗೆ ವಾಪಸ್ ಬರುವ ಮನಸ್ಸಾದರೂ ನಮ್ಮ ಊದಿಕೊಂಡ ಮುಖ ನೋಡಿ ಬರುವುದಿಲ್ಲ.

ಹಾಗಾಗಿ ಮೊದಲ ಸಲಹೆ: ಎದುರು ಮನೆಯಾಕೆ ಸಿಕ್ಕಾಗ ನೀವೇ ಮಾತಾಡಿಸಿ. ಕೇಕ್ ವಿಷಯ ಎತ್ತಲೇಬೇಡಿ. ಮಗುವಿಗೆ ಜ್ವರ ಬಂದಿತ್ತಲ್ಲ, ಹೇಗಿದೆ ಅಂತ ಕೇಳಿ, ಸಾಕು. ಆಕೆಯನ್ನು ನಾಚಿಕೆಯಿಂದ ಬಿಡಿಸುವ ಕೆಲಸ ನಿಮ್ಮದೇ. ಅನ್ಯಾಯ ಅನ್ನಿಸುತ್ತೆ, ನೊಂದವರು ನೀವು. ಆದರೂ ಅಂಗಡಿ ಇಟ್ಟವರು ನೀವು.

ಎರಡನೆಯದು, ಆ ಹುಡುಗಿಯ ಸ್ಟೇಟಸ್ ಮ್ಯೂಟ್ ಮಾಡುವುದು. ಬ್ಲಾಕ್ ಬೇಡ. ಬ್ಲಾಕ್ ಮಾಡಿದರೆ ಅದೇ ಒಂದು ಸುದ್ದಿಯಾಗಿ ರಸ್ತೆಯೆಲ್ಲಾ ಸುತ್ತುತ್ತದೆ. ಇದಕ್ಕೆ ಒಬ್ಬ ಸಹೋದ್ಯೋಗಿ, ಇದು ಓಡಿಹೋಗುವುದಲ್ವಾ, ಎದುರಿಸೋದನ್ನ ಕಲಿಸಬೇಕಲ್ವಾ ಅಂದರು. ನಾನು ಒಪ್ಪುವುದಿಲ್ಲ. ಅಳೆಯೋಕೆ ಬೇರೆ ಅಳತೆ ಸಿಗದಿದ್ದಾಗ ಮನುಷ್ಯರು ಇನ್ನೊಬ್ಬರ ಪಕ್ಕ ನಿಂತು ತಮ್ಮನ್ನು ಅಳೆದುಕೊಳ್ಳುತ್ತಾರೆ, ಅದೂ ತಮ್ಮಂಥವರ ಪಕ್ಕವೇ ನಿಲ್ಲುತ್ತಾರೆ ಅಂತ ಅಮೆರಿಕದ ಮನೋವಿಜ್ಞಾನಿ ಲಿಯಾನ್ ಫೆಸ್ಟಿಂಗರ್ 1954ರಲ್ಲೇ ಬರೆದಿದ್ದಾರೆ. ದೊಡ್ಡ ಬೇಕರಿಯಲ್ಲಿ ದಿನಕ್ಕೆ ನೂರು ಕೇಕ್ ಹೋದರೂ ಈಕೆಗೆ ಏನೂ ಅನ್ನಿಸುವುದಿಲ್ಲ, ಎರಡು ರಸ್ತೆ ಆಚೆ ಎರಡು ಕೇಕ್ ಹೋದರೆ ನಿದ್ದೆ ಇಲ್ಲ. ಸ್ಟೇಟಸ್‌ನಲ್ಲಿ ಕಾಣುವುದು ಹೋದ ಕೇಕ್ ಮಾತ್ರ. ಕ್ಯಾನ್ಸಲ್ ಆದದ್ದು, ಕರೆಂಟ್ ಹೋಗಿ ಅರ್ಧ ಬೆಂದದ್ದು, ಏಪ್ರಿಲ್ ಬಿಸಿಲಲ್ಲಿ ಸ್ಕೂಟರ್ ಮೇಲೆ ಕ್ರೀಮ್ ಜಾರಿದ್ದು ಯಾರೂ ಹಾಕುವುದಿಲ್ಲ. ಸುಳ್ಳು ಅಳತೆ ಪಕ್ಕಕ್ಕಿಟ್ಟರೆ ಅದು ಓಡಿಹೋಗುವುದು ಹೇಗಾಗುತ್ತದೆ?

ಅದರ ಬದಲಿಗೆ ಬೇರೆ ಅಳತೆ ಬೇಕಲ್ಲ. ಆರ್ಡರ್ ಬರೆದಿಡುವ ನೋಟ್‌ಬುಕ್ ತನ್ನಿ ಅಂದೆ. ಕೇಕಿಗಿಂತ ಜಾಸ್ತಿ ಎಣ್ಣೆಕಲೆ ಇದ್ದ ಹಳೇ ಪುಸ್ತಕ ತಂದರು. ‘ಆ ಹುಡುಗಿ ಬಂದು ನನ್ನ ಆರ್ಡರ್ ಅರ್ಧ ಆಯ್ತು’ ಅಂತ ಇವರು ಅನ್ನುತ್ತಿದ್ದ ತಿಂಗಳು ಆಷಾಢ. ಹಿಂದಿನ ವರ್ಷದ ಆಷಾಢ ತೆಗೆದು ನೋಡಿದೆವು. ಆಗ ಆ ಹುಡುಗಿ ಇನ್ನೂ ಶುರುವೇ ಮಾಡಿರಲಿಲ್ಲ, ಆದರೂ ಆರ್ಡರ್ ಕಮ್ಮಿಯೇ. ಆಷಾಢದಲ್ಲಿ ಎಂಗೇಜ್‌ಮೆಂಟ್ ಇಲ್ಲ, ರಿಸೆಪ್ಷನ್ ಇಲ್ಲ, ಗೃಹಪ್ರವೇಶ ಇಲ್ಲ. ದೊಡ್ಡ ಕೇಕ್ ಎಲ್ಲಿಂದ ಬರಬೇಕು? ಧನುರ್ಮಾಸದಲ್ಲೂ ಅದೇ, ಕ್ರಿಸ್‌ಮಸ್ ಮತ್ತು ಹೊಸ ವರ್ಷದ ಕೇಕ್ ಇರುವುದರಿಂದ ಗೊತ್ತಾಗುವುದಿಲ್ಲ ಅಷ್ಟೇ. ನಿಜವಾಗಿ ಆ ಹುಡುಗಿಯಿಂದ ಕಮ್ಮಿಯಾದ ಆರ್ಡರ್ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಇವರು ಅಂದುಕೊಂಡಷ್ಟಲ್ಲ.

ಆಮೇಲೆ ಲೆಕ್ಕ. ನನಗೆ ಬೈಗುಳ ಬಂದಿದ್ದು ಇದಕ್ಕೇ. ಒಂದು ಕೆ.ಜಿ. ಎಗ್‌ಲೆಸ್ ಪೈನಾಪಲ್ ಕೇಕಿಗೆ ಏನೇನು ಹೋಗುತ್ತೆ ಅಂತ ಬರೆಸಿದೆ. ಪ್ರೀಮಿಕ್ಸ್, ಕ್ರೀಮ್, ಹಣ್ಣು ಸೇರಿ 310. ಡಬ್ಬ, ಅಡಿಗೆ ಇಡುವ ಬೋರ್ಡು, ಮೇಣದಬತ್ತಿ, ಚಾಕು 60. ಕರೆಂಟು, ತಲುಪಿಸುವ ಪೆಟ್ರೋಲು 50. ಒಟ್ಟು 420. ಇಳಿಸಿ ಇಳಿಸಿ ಮಾರುತ್ತಿದ್ದದ್ದು 550ಕ್ಕೆ. ಉಳಿದದ್ದು 130. ಗಿರಾಕಿಯ ಜೊತೆ ಮೆಸೇಜ್ ಮಾಡುವುದರಿಂದ ಹಿಡಿದು ಪಾತ್ರೆ ತೊಳೆಯುವತನಕ ನಾಲ್ಕು ಗಂಟೆ. ಗಂಟೆಗೆ 32 ರೂಪಾಯಿ ಚಿಲ್ಲರೆ. ಆ ಅಂಕಿ ನೋಡಿ ಅವರು ಪೆನ್ನು ಕೆಳಗಿಟ್ಟರು. ಸ್ಪರ್ಧೆ ಅಂತ ನಿದ್ದೆ ಕೆಡಿಸಿಕೊಂಡಿದ್ದು ಈ 32 ರೂಪಾಯಿಗೆ.

ಬೇಕರಿಯವರ ಬೆಲೆಗೆ ಮನೆಯಲ್ಲಿ ಕೊಡೋಕಾಗುವುದಿಲ್ಲ, ಅದು ಕೈಗುಣದ ಪ್ರಶ್ನೆ ಅಲ್ಲ. ಅವರು ಒಂದೇ ಬಿಸಿಯಲ್ಲಿ ತಟ್ಟೆಗಟ್ಟಲೆ ಸ್ಪಂಜ್ ಬೇಯಿಸುತ್ತಾರೆ, ಕ್ರೀಮ್ ಪೆಟ್ಟಿಗೆಗಟ್ಟಲೆ ತರುತ್ತಾರೆ. ಇವರು ಒಂದು ಕೇಕಿಗೆ ಒಂದು ಸಲ ಓವನ್ ಬಿಸಿ ಮಾಡಬೇಕು. ಬೆಲೆ 750ಕ್ಕೆ ಏರಿಸಿ, ಅರ್ಧ ದುಡ್ಡು ಮುಂಗಡ ತಗೊಳ್ಳಿ, ಹೋಗುವವರು ಹೋಗಲಿ ಅಂದೆ.

ಇದು ಆಪ್ತಸಲಹೆಯಲ್ಲ, ವ್ಯಾಪಾರದ ಸಲಹೆ ಅಂತ ಅದೇ ಸಹೋದ್ಯೋಗಿ. ಇರಲಿ. ಹೆಣ್ಣುಮಕ್ಕಳ ಕೆಲಸವನ್ನು ಮನೆಯವರು ‘ಟೈಮ್‌ಪಾಸ್’ ಅನ್ನುತ್ತಾರೆ, ಅವರೂ ಹಾಗೇ ಅಂದುಕೊಂಡು ತಮ್ಮ ಕೂಲಿ ಲೆಕ್ಕಕ್ಕೇ ಹಾಕುವುದಿಲ್ಲ. ಆಮೇಲೆ ದುಡ್ಡಲ್ಲಿ ಸಿಗದ್ದನ್ನು ಹೊಗಳಿಕೆಯಲ್ಲಿ ಹುಡುಕುತ್ತಾರೆ. ಹೊಗಳಿಕೆಯೇ ಸಂಬಳ ಆದಾಗ ಒಬ್ಬ ಗಿರಾಕಿ ಹೋದರೂ ಸಂಬಳ ಕಟ್. ಈ ಗಂಟು ಬಿಡಿಸದೆ ಉಸಿರಾಟದ ವ್ಯಾಯಾಮ ಹೇಳಿಕೊಟ್ಟು ಕಳಿಸಿದರೆ ಏನು ಬಂತು? ‘ಕೆಲಸ ಬಿಟ್ಟು ಆರಾಮಾಗಿರು’ ಅಂತ ಗಂಡ ಆಗಲೇ ಹೇಳಿದ್ದರು. ಪ್ರೀತಿಯಿಂದಲೇ ಹೇಳಿದ್ದು, ಆದರೆ ಅದನ್ನು ಕೇಳಿ ಇವರಿಗೆ ಇನ್ನೂ ಜಾಸ್ತಿ ಅಳು ಬಂದಿತ್ತು.

ಬೆಲೆ ಏರಿಸುವುದಕ್ಕಿಂತ ಅದನ್ನು ಬಾಯಿಬಿಟ್ಟು ಹೇಳುವುದು ಕಷ್ಟ. ‘ಅಲ್ಲಿ 500ಕ್ಕೆ ಕೊಡ್ತಾರಲ್ಲಾ ಅಕ್ಕ’ ಅಂತ ನಾನು ಗಿರಾಕಿಯಾಗಿ ಕೇಳಿದೆ. ಅವರು ಹೇಳಬೇಕಿದ್ದ ಮಾತು ಇಷ್ಟೇ: “ಆ ರೇಟಿಗೆ ನನ್ನಿಂದ ಆಗಲ್ಲಮ್ಮ, ಅವರ ಹತ್ರಾನೇ ತಗೊಳ್ಳಿ, ಬೇಜಾರಿಲ್ಲ.” ಮೊದಲ ಸಲ ‘ಆಗಲ್ಲಮ್ಮ’ ತನಕ ಬಂದು ನಿಂತರು. ಮುಂದಿನ ಸಲ ‘ಬೇಜಾರಿಲ್ಲ’ ಅನ್ನುವಾಗ ಗಂಟಲು ಕಟ್ಟಿತು. ಬೇಜಾರು ಇದೆಯಲ್ಲಾ ಮೇಡಂ ಅಂದರು. ಇರಲಿ, ಅದು ಗಿರಾಕಿಗೆ ಗೊತ್ತಾಗಬೇಕಾಗಿಲ್ಲ, ನನಗೆ ಹೇಳಿ ಅಂದೆ. ಹೇಳಿ ಹೇಳಿ ಕೊನೆಗೆ ನಗುತ್ತಲೇ ಹೇಳಿದರು.

ಒಂದು ಕಡೆ ಮಾತ್ರ ನಾನು ಸ್ವಲ್ಪ ಗಡುಸಾಗಿ ಮಾತಾಡಿದೆ. ನಾನು ಕಲಿಸಿದ್ದನ್ನೇ ನನ್ನ ಮೇಲೆ ಬಿಟ್ಟಳು, ದ್ರೋಹಿ ಅಂತ ಆ ಹುಡುಗಿಯನ್ನು ಬೈದಾಗ, ಅವಳು 2000 ರೂಪಾಯಿ ಕೊಟ್ಟೇ ಕಲಿತಳಲ್ಲಾ ಅಂದೆ. ಕಲಿತು ಸುಮ್ನೆ ಮನೆಯಲ್ಲಿ ಕೂರಲಿ ಅಂತ ಫೀಸ್ ತಗೊಂಡ್ರಾ? ಮುಖ ಕೆಂಪಗಾಯಿತು, ಆ ದಿನ ಬೇಗ ಎದ್ದು ಹೋದರು. ಮುಂದಿನ ವಾರ ಬರುತ್ತಾರೋ ಇಲ್ಲವೋ ಅಂತ ನನಗೂ ಅನುಮಾನ ಇತ್ತು. ಬಂದರು. ಆ ಮಾತನ್ನು ಇವತ್ತೂ ವಾಪಸ್ ತಗೊಳ್ಳುವುದಿಲ್ಲ. ನಮಗೆ ನೋವಾಯಿತು ಅಂದ ಮಾತ್ರಕ್ಕೆ ಎದುರಿಗಿರುವವರು ತಪ್ಪು ಮಾಡಿದ್ದಾರೆ ಅಂತಲ್ಲ.

ಬೆಲೆ ಏರಿಸಿದ ಮೇಲೆ ಕೆಲವು ಗಿರಾಕಿಗಳು ಹೋದರು. ಇಂಟರ್ನೆಟ್ಟಿನ ಫೋಟೋ ಕಳಿಸಿ ಇದೇ ಥರ ಬೇಕು, 500ಕ್ಕೆ ಮಾಡಿ ಅನ್ನುವವರು ಮೊದಲು ಹೋದರು. ಉಳಿದವರಲ್ಲಿ ಜಾಸ್ತಿ ಜನ ಈಕೆಯ ಮಂಡ್ಯ ಬೆಲ್ಲ, ರಾಗಿ ಹಾಕಿದ ಕೇಕಿಗೆ ಬರುವವರು. ಕ್ರೀಮ್ ಇಲ್ಲ, ಬಣ್ಣ ಇಲ್ಲ. ಫೋಟೋಗೆ ಚೆನ್ನಾಗಿ ಬರಲ್ಲ ಅಂತ ಈಕೆಯೇ ಅದನ್ನು ಸ್ಟೇಟಸ್‌ಗೆ ಹಾಕುತ್ತಿರಲಿಲ್ಲ. ತಿಂಗಳ ಒಟ್ಟು ದುಡ್ಡು ಮೊದಲಿನಷ್ಟೇ ಇದೆ, ಕೆಲಸ ಕಮ್ಮಿಯಾಗಿದೆ. ನಿದ್ದೆ ಬಹುತೇಕ ಸರಿ, ಒಂದೊಂದು ರಾತ್ರಿ ಇಲ್ಲ. ಎದುರು ಮನೆಯಾಕೆ ಮಾತಾಡುತ್ತಾರೆ, ಕೇಕ್ ಆರ್ಡರ್ ಕೊಟ್ಟಿಲ್ಲ. ಆ ಹುಡುಗಿಯ ಜೊತೆ ಇನ್ನೂ ಮಾತಿಲ್ಲ, ನಾನೂ ಒತ್ತಾಯ ಮಾಡಿಲ್ಲ.

ಈಗ ಬೇಸಿಗೆ ರಜೆಗೆ ಮತ್ತೆ ಕ್ಲಾಸ್ ಮಾಡಲಾ ಅಂತ ಕೇಳುತ್ತಿದ್ದಾರೆ. ಮಾಡಿ, ಫೀಸ್ ಜಾಸ್ತಿ ಮಾಡಿ ಅಂದಿದ್ದೇನೆ. ಆದರೆ ಅಕ್ಕಪಕ್ಕದ ರಸ್ತೆಯವರು ಸೇರಿಕೊಳ್ಳುತ್ತೇನೆ ಅಂದರೆ ಕಲಿಸುತ್ತೀರೋ ಇಲ್ಲವೋ, ಅದನ್ನು ಬೋರ್ಡು ಹಾಕುವ ಮೊದಲೇ ತೀರ್ಮಾನ ಮಾಡಿ ಅಂತಲೂ ಹೇಳಿದ್ದೇನೆ. ಇನ್ನೂ ಮಾಡಿಲ್ಲ.