ವಿಮಾನದ ರೆಕ್ಕೆ ಮೇಲ್ಗಡೆ ಉಬ್ಬಿರೋದ್ರಿಂದ ಹಾರೋದಾದ್ರೆ, ತಲೆಕೆಳಗಾಗಿ ಹಾರೋದು ಹೇಗೆ?

ನೀವು ಕೇಳಿದ್ದು ತುಂಬಾ ಸರಿಯಾದ ಪ್ರಶ್ನೆ, ಶಾಲೆಯಲ್ಲಿ ಹೇಳಿಕೊಟ್ಟ ಉತ್ತರ ಕೈಕೊಡೋದು ಇಲ್ಲೇ. ಮೇಲ್ಗಡೆ ಉಬ್ಬು ಉಂಟು, ಹಾಗಾಗಿ ಮೇಲಿನ ಗಾಳಿಗೆ ದಾರಿ ಉದ್ದ, ಕೆಳಗಿನ ಗಾಳಿಯ ಒಟ್ಟಿಗೇ ಹಿಂದಿನ ತುದಿ ಮುಟ್ಟಬೇಕಲ್ಲ ಅದಕ್ಕೆ ಜೋರು ಓಡ್ತದೆ, ಜೋರು ಓಡಿದಲ್ಲಿ ಒತ್ತಡ ಕಮ್ಮಿ ಆಗಿ ರೆಕ್ಕೆ ಮೇಲೇಳ್ತದೆ ಅಂತ ನನಗೂ ಹಾಗೇ ಹೇಳಿದ್ದು. ಆದ್ರೆ ಒಟ್ಟಿಗೇ ಮುಟ್ಟಬೇಕು ಅಂತ ಯಾವ ನಿಯಮವೂ ಇಲ್ಲ ಮಾರಾಯ್ರೆ. ಪ್ರಯೋಗಾಲಯದ ಗಾಳಿ ಸುರಂಗದಲ್ಲಿ ಹೊಗೆ ಬಿಟ್ಟು ನೋಡಿದ್ರೆ ಮೇಲಿನ ಗಾಳಿ ಕೆಳಗಿನದ್ದಕ್ಕಿಂತ ಮೊದಲೇ ದಾಟಿ ಹೋಗಿರ್ತದೆ.

ಮಲ್ಪೆಯಲ್ಲಿ ನಮ್ಮ ಅಪ್ಪನದ್ದೊಂದು ಸಣ್ಣ ಬೋಟ್ ಇತ್ತು, ನನಗೆ ರೆಕ್ಕೆ ಅರ್ಥ ಆದದ್ದು ಅದರ ಚುಕ್ಕಾಣಿಯಿಂದ. ಚುಕ್ಕಾಣಿ ಅಂದ್ರೆ ಎಂತ, ಒಂದು ಚಪ್ಪಟೆ ಹಲಗೆ, ಎರಡೂ ಬದಿ ಒಂದೇ ತರ, ಉಬ್ಬು ಎಂತದ್ದೂ ಇಲ್ಲ. ನೆಟ್ಟಗೆ ಹಿಡಿದ್ರೆ ನೀರು ಸುಮ್ಮನೆ ಹಿಂದೆ ಹೋಗ್ತದೆ. ಸ್ವಲ್ಪ ಬಲಕ್ಕೆ ತಿರುಗಿಸಿದ್ರೆ ಅದು ನೀರನ್ನು ಬಲಕ್ಕೆ ದೂಡ್ತದೆ, ನೀರು ಬೋಟಿನ ಹಿಂಭಾಗವನ್ನು ಎಡಕ್ಕೆ ದೂಡ್ತದೆ. ನ್ಯೂಟನ್ನನ ಮೂರನೇ ನಿಯಮ ಅಷ್ಟೇ. ಈಗ ಆ ಹಲಗೆಯನ್ನು ಅಡ್ಡ ಮಲಗಿಸಿ ನೀರಿನ ಬದಲು ಗಾಳಿ ಅಂತ ನೆನೆಸಿಕೊಳ್ಳಿ, ಮುಂದಿನ ಅಂಚು ಸ್ವಲ್ಪ ಮೇಲೆ ಇದ್ರೆ ಗಾಳಿ ಕೆಳಕ್ಕೆ, ರೆಕ್ಕೆ ಮೇಲಕ್ಕೆ.

ಇದರಲ್ಲಿ ಹೆಚ್ಚಿನ ಕೆಲಸ ಮಾಡೋದು ರೆಕ್ಕೆಯ ಅಡಿ ಅಲ್ಲ, ಮೇಲ್ಮೈ. ಗಾಳಿ ಅದಕ್ಕೆ ಅಂಟಿಕೊಂಡೇ ಕೆಳಕ್ಕೆ ಬಾಗ್ತದೆ, ಬಾಗುವಾಗ ಅಲ್ಲಿ ಒತ್ತಡ ಕಮ್ಮಿ ಆಗ್ತದೆ, ವೇಗ ಹೆಚ್ಚಾಗ್ತದೆ. ಹಾಗಾಗಿ ವೇಗ ಹೆಚ್ಚಾದಲ್ಲಿ ಒತ್ತಡ ಕಮ್ಮಿ ಅಂತ ಬರ್ನೌಲಿ ಎಂಬ ವಿಜ್ಞಾನಿ ಹೇಳಿದ್ದು ತಪ್ಪಲ್ಲ, ತಪ್ಪು ಆ ಉದ್ದ ದಾರಿಯ ಕಥೆ. ಬರ್ನೌಲಿಯೋ ನ್ಯೂಟನ್ನೋ ಅಂತ ಜನ ಜಗಳ ಮಾಡ್ತಾರಲ್ಲ, ಅದು ಬೇಡದ ಜಗಳ, ಗಾಳಿ ರೆಕ್ಕೆಯನ್ನು ಮೇಲಕ್ಕೆ ದೂಡೋದೇ ಈ ಒತ್ತಡದ ವ್ಯತ್ಯಾಸದ ಮೂಲಕ.

ಎಷ್ಟು ವ್ಯತ್ಯಾಸ ಬೇಕು ಅಂತ ಲೆಕ್ಕ ಹಾಕಿದಾಗ ನನಗೆ ಬಹಳ ಖುಷಿ ಆಗಿತ್ತು. ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣಕ್ಕೆ ಬರುವ ಬೋಯಿಂಗ್ 737-800 ಪೂರ್ತಿ ತುಂಬಿದ್ರೆ ಸುಮಾರು 79 ಟನ್, ರೆಕ್ಕೆಯ ವಿಸ್ತೀರ್ಣ ಸುಮಾರು 125 ಚದರ ಮೀಟರ್, ಅಂದ್ರೆ ಒಂದು ಚದರ ಮೀಟರಿಗೆ 630 ಕೆಜಿ. ನಮ್ಮ ಸುತ್ತ ಇರುವ ಗಾಳಿ ಪ್ರತಿ ಚದರ ಮೀಟರಿನ ಮೇಲೆ ಹೆಚ್ಚುಕಮ್ಮಿ 10 ಟನ್ ಭಾರದಷ್ಟು ಒತ್ತುತ್ತಾ ಇರ್ತದೆ, ಅದರಲ್ಲಿ ನೂರಕ್ಕೆ ಆರೇಳು ಪಾಲು ವ್ಯತ್ಯಾಸ ಆದ್ರೆ ಸಾಕು, ಅಷ್ಟು ದೊಡ್ಡ ವಿಮಾನ ಮೇಲೆದ್ದು ಬಿಡ್ತದೆ!

ನಿಮ್ಮ ತಲೆಕೆಳಗು ಪ್ರಶ್ನೆಗೆ ಬಂದ್ರೆ, ಪೈಲಟ್ ಮೂತಿಯನ್ನು ಇನ್ನೂ ಸ್ವಲ್ಪ ಮೇಲೆ ಹಿಡಿತಾನೆ, ಉಬ್ಬು ಕೆಳಗಾದ್ರೂ ರೆಕ್ಕೆ ಗಾಳಿಯನ್ನು ಕೆಳಕ್ಕೇ ತಳ್ತದೆ. ಕಸರತ್ತಿಗೆ ಅಂತಲೇ ಮಾಡಿದ ಎಷ್ಟೋ ವಿಮಾನಗಳಲ್ಲಿ ರೆಕ್ಕೆ ಚುಕ್ಕಾಣಿ ಹಾಗೆ ಎರಡೂ ಬದಿ ಸಮ ಇರ್ತದೆ. ಹಾಗಾದ್ರೆ ಉಬ್ಬು ಯಾಕೆ? ಗಾಳಿ ಕಿತ್ತುಹೋಗದೆ ನಯವಾಗಿ ಬಾಗಲಿಕ್ಕೆ, ಗಾಳಿ ವಿಮಾನವನ್ನು ಹಿಂದಕ್ಕೆ ಎಳೆಯೋದು ಕಮ್ಮಿ ಆಗಿ ಇಂಧನ ಉಳಿಲಿಕ್ಕೆ. ಎದುರಿಂದ ಬರುವ ಗಾಳಿಗೆ ರೆಕ್ಕೆ ಅತಿಯಾಗಿ, ಸುಮಾರು 15 ಡಿಗ್ರಿಗಿಂತ ಹೆಚ್ಚು ಓರೆ ಆದ್ರೆ ಗಾಳಿ ಮೇಲ್ಮೈ ಬಿಟ್ಟುಬಿಡ್ತದೆ, ಅದೇ ಸ್ಟಾಲ್. ಚುಕ್ಕಾಣಿಯೂ ಹಾಗೆಯೇ, ಅತಿ ತಿರುಗಿಸಿದ್ರೆ ಬೋಟ್ ತಿರುಗೋದಕ್ಕಿಂತ ನಿಧಾನ ಆಗೋದೇ ಜಾಸ್ತಿ, ಅಪ್ಪ ಅದಕ್ಕೇ ಬೈತಿದ್ರು.

ಮಳೆಗಾಲದಲ್ಲಿ ಮಂಗಳೂರಿಗೆ ಬರುವಾಗ ರೆಕ್ಕೆಯ ಹಿಂದಿನ ಕಿಟಕಿ ಸೀಟ್ ತಗೊಳ್ಳಿ. ಇಳಿಯುವ ಮೊದಲು ವೇಗ ಕಮ್ಮಿ ಆದ ಹಾಗೆ ಹಿಂದಿನ ಅಂಚಿಂದ ಫ್ಲಾಪ್ ಅನ್ನುವ ಹಲಗೆಯಂಥ ಭಾಗ ಹೊರಗೆ ಬಂದು ಕೆಳಕ್ಕೆ ಬಾಗ್ತದೆ, ಆಗ ನಮ್ಮ ಕರಾವಳಿಯ ತೇವದ ಗಾಳಿಗೆ ರೆಕ್ಕೆಯ ಮೇಲ್ಗಡೆ ಒಮ್ಮೊಮ್ಮೆ ಬಿಳಿ ಮಂಜು ಕಟ್ಟಿ ಹಾಗೇ ಮಾಯ ಆಗ್ತದೆ. ಅದು ಹೊಗೆ ಅಲ್ಲ, ಹೆದರಬೇಡಿ, ಒತ್ತಡ ಕಮ್ಮಿ ಆದ ಗಾಳಿ ತಣ್ಣಗಾಗಿ ನೀರಿನ ಹನಿ ಆದದ್ದು.