ಗೇಟಿನಲ್ಲಿ ತಡೆದವರೇ ‘ನೀವಾಗಿ ಬಿಟ್ಟಿರಿ’ ಎಂದರೆ

ಪ್ರಶ್ನೆ: ದೊಡ್ಡ ಕಂಪನಿಯೊಂದಕ್ಕೆ ಸೇರಿದ ಕಾಫಿ ತೋಟದಲ್ಲಿ ನಾನು 13 ವರ್ಷ ರೈಟರ್ (ತೋಟದ ಹಾಜರಿ, ಲೆಕ್ಕ ನೋಡಿಕೊಳ್ಳುವ ಹುದ್ದೆ) ಆಗಿ ದುಡಿದಿದ್ದೇನೆ. ಮೂಲವೇತನ, ತುಟ್ಟಿಭತ್ಯೆ ಸೇರಿ ತಿಂಗಳಿಗೆ 18,200 ರೂಪಾಯಿ ಬರುತ್ತಿತ್ತು. 2025ರ ಜುಲೈ ಮಳೆಯಲ್ಲಿ ಜ್ವರ ಬಂದು, ಮ್ಯಾನೇಜರರಿಗೆ ಫೋನಿನಲ್ಲಿ ತಿಳಿಸಿ ಹನ್ನೆರಡು ದಿನ ಮನೆಯಲ್ಲಿದ್ದೆ. ಮರಳಿ ಹೋದಾಗ ವಾಚ್‌ಮನ್ ಗೇಟಿನಲ್ಲೇ ತಡೆದರು. ಹಾಜರಿ ಪುಸ್ತಕದಿಂದ ಹೆಸರು ತೆಗೆದಿದ್ದೇವೆ, ರಾಜೀನಾಮೆ ಬರೆದುಕೊಟ್ಟರೆ ಮೂರು ತಿಂಗಳ ಸಂಬಳ ಕೊಡುತ್ತೇವೆ ಎನ್ನುತ್ತಾರೆ. ಲಿಖಿತವಾಗಿ ಏನನ್ನೂ ಕೊಟ್ಟಿಲ್ಲ. ಇಷ್ಟು ದೊಡ್ಡ ಕಂಪನಿಯ ಎದುರು ನಿಲ್ಲಲು ನನ್ನಿಂದ ಸಾಧ್ಯವೇ?
– ಹೆಸರು ಬೇಡ, ವಿರಾಜಪೇಟೆ ತಾಲ್ಲೂಕು

ಉತ್ತರ: ರಾಜೀನಾಮೆಯನ್ನು ಮಾತ್ರ ಬರೆದುಕೊಡಬೇಡಿ. ನಿಮ್ಮನ್ನು ವಜಾ ಮಾಡಿದ ಆದೇಶ ಕಂಪನಿಯ ಬಳಿ ಇಲ್ಲ. ಇದ್ದಿದ್ದರೆ ನಿಮ್ಮ ಸಹಿಗೆ ಮೂರು ತಿಂಗಳ ಸಂಬಳದ ಬೆಲೆ ಕಟ್ಟುತ್ತಿರಲಿಲ್ಲ. ನಾಳೆ ವಿಚಾರಣೆಯಲ್ಲಿ ಅವರು ಹೇಳಲಿರುವುದು ‘ನಾವು ತೆಗೆದಿಲ್ಲ, ಅವರೇ ಕೆಲಸ ಬಿಟ್ಟುಹೋದರು’ ಎಂದು. ಈ ವಾದ ಹೊಸದಲ್ಲ. ಡಿ.ಕೆ. ಯಾದವ್ ಮತ್ತು ಜೆ.ಎಂ.ಎ. ಇಂಡಸ್ಟ್ರೀಸ್ ನಡುವಿನ ಪ್ರಕರಣದಲ್ಲಿಯೂ ನೌಕರರಾಗಿದ್ದ ಯಾದವ್ ತಮ್ಮನ್ನು ಗೇಟಿನಲ್ಲೇ ತಡೆದರೆಂದು ಹೇಳಿದ್ದರು. ಎಂಟು ದಿನಕ್ಕಿಂತ ಹೆಚ್ಚು ಗೈರುಹಾಜರಾದರೆ ಕೆಲಸ ತಾನಾಗಿ ಹೋಗುತ್ತದೆ ಎಂಬ ನಿಯಮವನ್ನು ಕಂಪನಿ ಮುಂದಿಟ್ಟಿತ್ತು. ವಿಚಾರಣೆಯಿಲ್ಲದೆ ಹೀಗೆ ಹೆಸರು ತೆಗೆಯುವುದು ಸಹಜ ನ್ಯಾಯಕ್ಕೆ ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯ 1993ರಲ್ಲಿ ತೀರ್ಪು ನೀಡಿ, ಅವರನ್ನು ಶೇ. 50ರಷ್ಟು ಹಿಂಬಾಕಿ ವೇತನದೊಂದಿಗೆ (ಕೆಲಸದಿಂದ ಹೊರಗಿದ್ದ ಅವಧಿಯ ಸಂಬಳ) ಮರಳಿ ಕೆಲಸಕ್ಕೆ ಸೇರಿಸಿಕೊಳ್ಳಲು ಆದೇಶಿಸಿತು.

ಆದ್ದರಿಂದ ನೀವು ಮೊದಲು ಮಾಡಬೇಕಾದುದು ಒಂದು ಪತ್ರ ಬರೆಯುವ ಕೆಲಸ. ಯಾವ ದಿನ ಜ್ವರ ಬಂತು, ಯಾರಿಗೆ ಫೋನ್ ಮಾಡಿದಿರಿ, ಯಾವ ದಿನ ಗೇಟಿನಲ್ಲಿ ತಡೆದರು ಎಂಬುದನ್ನು ತಾರೀಖುಸಹಿತ ಬರೆದು, ‘ಈಗಲೂ ಕೆಲಸಕ್ಕೆ ಬರಲು ಸಿದ್ಧನಿದ್ದೇನೆ’ ಎಂಬ ವಾಕ್ಯ ಸೇರಿಸಿ, ತೋಟದ ಕಚೇರಿಗೂ ಕಂಪನಿಯ ಮುಖ್ಯ ಕಚೇರಿಗೂ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ, ರಸೀದಿಗಳನ್ನು ಜೋಪಾನವಾಗಿಡಿ. ವೈದ್ಯರ ಚೀಟಿ, ಆ ದಿನಗಳ ಕರೆ ವಿವರ, ಸಂಬಳದ ಚೀಟಿ, ಭವಿಷ್ಯನಿಧಿಯ ಪಾಸ್‌ಬುಕ್ ಇವೆಲ್ಲವೂ ಬೇಕು. ಬಿಟ್ಟುಹೋದವರು ಕೆಲಸ ಕೊಡಿ ಎಂದು ಬರೆಯುವುದಿಲ್ಲ. ಏಳೆಂಟು ಪುಟದ ಅರ್ಜಿಗಿಂತ ಈ ಪತ್ರಕ್ಕೆ ತೂಕ ಹೆಚ್ಚು.

ಕಂಪನಿಯ ಎರಡನೆಯ ವಾದ ನಿಮ್ಮ ಹುದ್ದೆಯ ಹೆಸರನ್ನು ಹಿಡಿದು ಬರಬಹುದು. ಮೇಲ್ವಿಚಾರಣೆಯ ಕೆಲಸದಲ್ಲಿದ್ದು ನಿಗದಿತ ಮಿತಿಗಿಂತ ಹೆಚ್ಚು ಸಂಬಳ ಪಡೆಯುವವರು ಕಾರ್ಮಿಕರ ವ್ಯಾಖ್ಯೆಯೊಳಗೆ ಬರುವುದಿಲ್ಲ. ಹಳೆಯ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲಿ ಆ ಮಿತಿ 10,000 ರೂಪಾಯಿ ಇತ್ತು, ಅದರ ಜಾಗಕ್ಕೆ ಬಂದ ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ 18,000. ನಿಮ್ಮ ಸಂಬಳ ಎರಡನ್ನೂ ದಾಟಿದೆ. ಆದರೆ ಗುಮಾಸ್ತಿಕೆಗೆ ಈ ಮಿತಿ ಇಲ್ಲ, ಮತ್ತು ನ್ಯಾಯಾಲಯ ನೋಡುವುದು ಹುದ್ದೆಯ ಹೆಸರನ್ನಲ್ಲ, ಮುಖ್ಯವಾಗಿ ಮಾಡುತ್ತಿದ್ದ ಕೆಲಸವನ್ನು. ನೀವು ಚೆಕ್‌ರೋಲ್ (ಕೆಲಸಗಾರರ ದಿನದ ಹಾಜರಿ ಪುಸ್ತಕ) ಬರೆಯುತ್ತ, ಕೊಯ್ದ ಹಣ್ಣು ತೂಗಿಸಿ ಲೆಕ್ಕ ಇಡುತ್ತ ಇದ್ದವರಾದರೆ, ಯಾರಿಗೂ ರಜೆ ಮಂಜೂರು ಮಾಡುವ ಅಧಿಕಾರ ನಿಮಗೆ ಇರಲಿಲ್ಲವಾದರೆ, ಅದನ್ನು ವಿವರವಾಗಿ ಬರೆಯಿರಿ. ನಿಮ್ಮ ಕೈಬರಹದ ಪುಸ್ತಕಗಳು ಕಂಪನಿಯ ಬಳಿಯೇ ಇರುತ್ತವೆ. ಅವನ್ನು ಹಾಜರುಪಡಿಸಬೇಕೆಂದು ಅರ್ಜಿ ಹಾಕಬಹುದು.

ಪತ್ರಕ್ಕೆ ಹದಿನೈದು ದಿನದಲ್ಲಿ ಉತ್ತರ ಬರದಿದ್ದರೆ ಮಡಿಕೇರಿಯ ಕಾರ್ಮಿಕ ಅಧಿಕಾರಿಗಳ ಕಚೇರಿಯಲ್ಲಿ ಸಂಧಾನಕ್ಕಾಗಿ ಅರ್ಜಿ ಕೊಡಿ. ಇಲ್ಲಿ ಒಂದು ತೊಡಕಿದೆ. ನಿಮ್ಮನ್ನು ಹೊರಗಿಟ್ಟಾಗ 1947ರ ಕೈಗಾರಿಕಾ ವಿವಾದಗಳ ಕಾಯ್ದೆ ಜಾರಿಯಲ್ಲಿತ್ತು. 2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಹಿಂದೆ ವಜಾ ಆದವರು ಮೂರು ವರ್ಷದೊಳಗೆ ಕಾರ್ಮಿಕ ನ್ಯಾಯಾಲಯಕ್ಕೆ ಹೋಗಬಹುದಿತ್ತು. ಹೊಸ ಸಂಹಿತೆಯಂತೆ ವಿವಾದ ಹುಟ್ಟಿ ಎರಡು ವರ್ಷ ಕಳೆದರೆ ಸಂಧಾನವೇ ನಡೆಯದು. ಯಾವುದು ಅನ್ವಯ ಎಂದು ಕಂಪನಿಯ ವಕೀಲರು ವಾದ ಹೂಡಲು ಎಡೆಗೊಡದೆ ಈ ತಿಂಗಳಲ್ಲೇ ಪತ್ರ ಕಳುಹಿಸಿ. ಸಂಧಾನ ವಿಫಲವಾದರೆ ಅಧಿಕಾರಿಯ ವರದಿ ಕೈಸೇರಿದ 90 ದಿನದೊಳಗೆ, ಹೊಸ ಸಂಹಿತೆಯಂತೆ, ಕೈಗಾರಿಕಾ ನ್ಯಾಯಮಂಡಳಿಗೆ ಹೋಗಬೇಕು.

ವಕೀಲರ ಖರ್ಚಿಗೆ ಹೆದರಬೇಡಿ. ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ, 1987ರ ಪ್ರಕಾರ ಕೈಗಾರಿಕಾ ಕಾರ್ಮಿಕರು ಆದಾಯ ಎಷ್ಟೇ ಇರಲಿ ಉಚಿತ ನೆರವಿಗೆ ಅರ್ಹರು. ಮಡಿಕೇರಿಯಲ್ಲಿರುವ ಜಿಲ್ಲಾ ಪ್ರಾಧಿಕಾರದಲ್ಲಿ ವಿಚಾರಿಸಿ. ಸಂಘದ ಸದಸ್ಯರಾಗಿದ್ದರೆ ಸಂಘದ ಪದಾಧಿಕಾರಿಯೂ ನಿಮ್ಮ ಪರವಾಗಿ ಹಾಜರಾಗಬಹುದು. ವರ್ಷಗಟ್ಟಲೆ ಅಲೆದಾಟವಾಗಬಹುದೆಂಬುದನ್ನು ಮುಚ್ಚಿಡಲಾರೆ. ಈ ನಡುವೆ ಬೇರೆಡೆ ದುಡಿದರೆ ಅದನ್ನೂ ಮರೆಮಾಡದೆ ಹೇಳಿ, ಏಕೆಂದರೆ ಹಿಂಬಾಕಿ ವೇತನ ನಿರ್ಧರಿಸುವಾಗ ಆ ಪ್ರಶ್ನೆ ಬಂದೇ ಬರುತ್ತದೆ.

ಗ್ರಾಚ್ಯುಟಿ ಬೇರೆಯೇ ಲೆಕ್ಕ. ತಿಂಗಳಿಗೆ 26 ದಿನವೆಂದು ಹಿಡಿದು, ದುಡಿದ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಅದು. 18,200ನ್ನು 26ರಿಂದ ಭಾಗಿಸಿ, 15ರಿಂದಲೂ 13 ವರ್ಷದಿಂದಲೂ ಗುಣಿಸಿದರೆ 1,36,500 ರೂಪಾಯಿ ಆಗುತ್ತದೆ. ಅವರು ಕೊಡುತ್ತೇವೆನ್ನುವ ಮೂರು ತಿಂಗಳ ಸಂಬಳ 54,600. ಗ್ರಾಚ್ಯುಟಿ ಕೊಡಲು ಬಂದರೆ ‘ಆಕ್ಷೇಪಣೆ ಉಳಿಸಿಕೊಂಡು ಸ್ವೀಕರಿಸಿದ್ದೇನೆ’ ಎಂದು ರಸೀದಿಯಲ್ಲಿ ನಿಮ್ಮ ಕೈಯಲ್ಲೇ ಬರೆದು ಸಹಿ ಮಾಡಿ, ಅದರ ಫೋಟೋ ತೆಗೆದಿಟ್ಟುಕೊಳ್ಳಿ.